ಅಸ್ತ್ರ ಒಲೆ ಮತ್ತೆ ಕಟ್ಟಿಸೋದಾ ಬೇಡವಾ? ಅರ್ಥಶಾಸ್ತ್ರ ಓದಿದವರು ಯಾರಾದರೂ ಹೇಳಿ

ಹುಲೇಕಲ್ ಅಕ್ಕೋರು (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಉದ್ದ ಆಗ್ತದೆ, ಬೈಬೇಡಿ. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು, ಚುಟುಕಾಗಿ ಹೇಳೋದು ನನಗೆ ಬರೋದಿಲ್ಲ.

ನಾನಿರೋದು ಶಿರಸಿಯಿಂದ ಹುಲೇಕಲ್ ದಾರಿ ಹಿಡಿದು ಒಳಗೆ ಹೋದರೆ ಸಿಗುವ ಒಂದು ಹಳ್ಳಿ. ನಮ್ಮ ಮಹಿಳಾ ಸಂಘದ ಹತ್ತಿರ 1,40,000 ರೂಪಾಯಿ ಸೇರಿದೆ. ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾರಿ ಉಳಿದ ದುಡ್ಡು, ಆರು ವರ್ಷದ್ದು. ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದು ಸೀರೆ ಆಗ್ತದೆ, ಅಷ್ಟೇ. ಕಳೆದ ತಿಂಗಳು ಸಭೆ ಕೂತಾಗ ನಾನೇ ಬಾಯಿ ಹಾಕಿ, "ಹೊಗೆ ಒಲೆ ತೆಗೆಸಿ ಎಲ್ಲರ ಮನೆಗೂ ಕೊಳವೆ ಒಲೆ ಕಟ್ಟಿಸೋಣ" ಅಂದೆ. ಎಲ್ಲರೂ ಹೂಂ ಅಂದರು. ನಮ್ಮಲ್ಲಿ 28 ಮನೆ. ಗಾರೆಯವನೊಬ್ಬ ಇಟ್ಟಿಗೆ, ಕೊಳವೆ, ಕೂಲಿ ಎಲ್ಲ ಸೇರಿ ಒಂದು ಒಲೆಗೆ 5,000 ಹೇಳಿದ್ದ. 28 ಐದಲಿ 140. ದುಡ್ಡೂ ಮನೆಯೂ ಇಷ್ಟು ಸರಿಯಾಗಿ ಹೊಂದಿದ್ದು ನೋಡಿ ಮಾರಿಕಾಂಬೆಯೇ ಲೆಕ್ಕ ಹಾಕಿಕೊಟ್ಟಳು ಅಂದುಕೊಂಡೆ.

ಮೊನ್ನೆ ಮಾವನ ಶ್ರಾದ್ಧಕ್ಕೆ ಮೈದುನನ ಮಗ ಬಂದಿದ್ದ. ಧಾರವಾಡದಲ್ಲಿ ಅರ್ಥಶಾಸ್ತ್ರ ಎಂಎ ಮಾಡ್ತಾ ಇದ್ದಾನೆ. ಊಟಕ್ಕೆ ಕೂತವನು, "ದೊಡ್ಡಾಯಿ, ನಿಂಗಳ ದುಡ್ಡು ಹೊಗೆಯಾಗಿ ಹೋಪದೇಯ. ನೊಬೆಲ್ ಬಂದವ್ವೇ ಒಲೆ ಹಂಚಿ ನೋಡಿದ್ದ, ಎಂತದೂ ಉಪಯೋಗ ಆಜಿಲ್ಲೆ" ಅಂದ. ವಡೆ ಬಡಿಸ್ತಾ ಇದ್ದ ನನ್ನ ಕೈ ಅಲ್ಲೇ ನಿಂತಿತು.

ಸಿಟ್ಟು ಬಂದದ್ದು ಹುಡುಗನ ಮೇಲಲ್ಲ. ನಮ್ಮ ಮನೆಯಲ್ಲೇ ಅಂಥದ್ದೇ ಒಂದು ಒಲೆ ಇತ್ತು. ಅದರ ಕತೆ ನನಗೆ ಗೊತ್ತು, ಯಾರಿಗೂ ಹೇಳಿರಲಿಲ್ಲ, ಅದಕ್ಕೆ.

1987ನೇ ಇಸವಿ. ನಾನು ಮದುವೆಯಾಗಿ ಬಂದು ಎರಡನೇ ವರ್ಷ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಗೆ ಆಗ ಕರ್ನಾಟಕದ ತುಂಬ ಹೆಸರು. ನಮ್ಮೂರಿಗೂ ಬಂತು. ಮಣ್ಣು ನಮ್ಮದು, ಕೊಳವೆ ಮತ್ತು ಕಬ್ಬಿಣದ ಜಾಲರಿ ಅವರದು. ಮೂರು ಪಾತ್ರೆ ಒಟ್ಟಿಗೆ ಕೂರ್ತದೆ: ಎದುರಿಗೆ ಅನ್ನ, ನಡುವೆ ಹುಳಿ, ಹಿಂದೆ ನೀರು. ಮೊದಲ ದಿನ ಒಲೆ ಹಚ್ಚಿದ ಅತ್ತೆ, ಹೊಗೆ ಕಾಣದೆ ಗಾಬರಿಯಾಗಿ ಅಂಗಳಕ್ಕೆ ಓಡಿ ಮಾಡಿನ ಮೇಲೆ ನೋಡಿದ್ದು ಇನ್ನೂ ನೆನಪಿದೆ. ಕೊಳವೆ ತುದಿಯಲ್ಲಿ ಹೊಗೆ ಕಂಡಿತು. "ಹೋಗ್ತಾ ಇದ್ದು, ಹೋಗ್ತಾ ಇದ್ದು" ಅಂತ ಬಳೆ ಮಾರುವವನನ್ನು ತೋರಿಸಿದ ಹಾಗೆ ಬೆರಳು ಮಾಡಿ ತೋರಿಸಿದರು.

ಎರಡು ಮಳೆಗಾಲ ಚೆಂದ ಉರೀತು. ಮೂರನೇ ಮಳೆಗಾಲದಲ್ಲಿ ಕೊಳವೆ ಮಾಡಿಗೆ ತಾಗುವಲ್ಲಿ ಬಿರುಕು ಬಿಟ್ಟು ನೀರು ಇಳಿದು ಒಲೆಯ ಹಿಂಬದಿ ಮಣ್ಣು ಕರಗಿತು. ಕಟ್ಟಿದವನಿಗೆ ಎರಡು ಕಾಗದ ಬರೆದೆವು, ಬರಲಿಲ್ಲ. ಜಾಲರಿಯ ಒಂದು ಸರಳು ತುಂಡಾಯ್ತು. ಅದಕ್ಕಿಂತ ದೊಡ್ಡ ತೊಂದರೆ ಒಲೆಯ ಬಾಯಿ ಸಣ್ಣ, ಗೇಣುದ್ದ ಸೀಳಿದ ಕಟ್ಟಿಗೆಯೇ ಬೇಕು. ನಮ್ಮ ಗಂಡಸರು ಬೆಟ್ಟದಿಂದ ತರೋದು ಮಾರುದ್ದದ ಕುಂಟೆ. ಸೀಳೋರು ಯಾರು? ಒಂದು ಮಧ್ಯಾಹ್ನ ಅತ್ತೆ ಕೊಡಲಿಯ ಹಿಂಬದಿಯಿಂದ ಒಲೆ ಬಾಯಿ ಒಡೆದು ದೊಡ್ಡ ಮಾಡಿದರು. ಅಲ್ಲಿಗೆ ಅಸ್ತ್ರ ಹೋಯ್ತು, ಬರೀ ಒಲೆ ಉಳೀತು.

ಇನ್ನೊಂದು ಹೇಳಿದರೆ ಪೇಟೆಯವರು ನಗ್ತೀರಿ. ಹೊಗೆ ಹೊರಗೆ ಹೋಗೋಕೆ ಶುರುವಾದ ವರ್ಷ ಅಟ್ಟದ ಮೇಲಿನ ತೆಂಗಿನಕಾಯಿಗೆ, ಕಟ್ಟಿಟ್ಟ ಬೀಜಕ್ಕೆ ಬೂಷ್ಟು ಬಂತು. ಮಳೆಗಾಲದ ನಾಲ್ಕು ತಿಂಗಳು ನಮ್ಮ ಅಟ್ಟವನ್ನು ಕಾಯೋದೇ ಹೊಗೆ. ಹಾಗಾಗಿ ಒಲೆ ಕೆಟ್ಟಾಗ ಅತ್ತೆಗೆ ಪೂರ್ತಿ ಬೇಜಾರೂ ಆಗಲಿಲ್ಲ.

ಈಗ ಅವರಿಗೆ ಎಂಬತ್ತೊಂದು. ಮಳೆ ಶುರುವಾದರೆ ರಾತ್ರಿ ಇಡೀ ಕೆಮ್ಮು. ಎರಡು ವರ್ಷದ ಹಿಂದೆ ಹುಬ್ಬಳ್ಳಿಗೆ ಕರಕೊಂಡು ಹೋದೆವು. ಡಾಕ್ಟರು, "ಇವರು ಬೀಡಿ ಸೇದ್ತಿದ್ರಾ?" ಅಂತ ನನ್ನ ಕೇಳಿದರು. ಆಮೇಲೆ ಒಂದು ಯಂತ್ರದ ಕೊಳವೆ ಬಾಯಿಗೆ ಕೊಟ್ಟು ಜೋರಾಗಿ ಊದಿ ಅಂದರು. ಅರವತ್ತು ವರ್ಷ ಊದುಗೊಳವೆ ಊದಿದ ಹೆಂಗಸಿಗೆ ಅದನ್ನು ಊದೋಕೆ ಆಗಲಿಲ್ಲ. ಮೂರು ಸಲ ಪ್ರಯತ್ನ ಮಾಡಿ ಸೆರಗಲ್ಲಿ ಬಾಯಿ ಒರೆಸಿಕೊಂಡು ಕೂತರು.

ಅದಕ್ಕೇ ನಾನು ಸಂಘದಲ್ಲಿ ಒಲೆ ಅಂದದ್ದು. ಈಗ ನನ್ನ ಪ್ರಶ್ನೆ: ಹುಡುಗ ಹೇಳಿದ್ದು ನಿಜವಾ? ಅರ್ಥಶಾಸ್ತ್ರದವರಿಗೆ ಅಡುಗೆಮನೆಯಲ್ಲಿ ಎಂತ ಕೆಲಸ? ಮುಂದಿನ ಭಾನುವಾರ ಮತ್ತೆ ಸಭೆ ಇದೆ, ನಾನು ಏನು ಹೇಳಲಿ?

---

ಮಾಣಿ_ಬೆಂಗಳೂರು

ಅಕ್ಕೋರೆ, ಈ ಕಾಲದಲ್ಲಿ ಯಾಕೆ ಒಲೆ? ಉಜ್ವಲ ಬಂದೇ (2016) ಎಷ್ಟು ವರ್ಷ ಆಯ್ತು. ಗ್ಯಾಸ್ ಇದೆ, ಇಂಡಕ್ಷನ್ ಇದೆ. ಆ ದುಡ್ಡಲ್ಲಿ 28 ಇಂಡಕ್ಷನ್ ಸ್ಟೋವ್ ತಗೊಳ್ಳಿ, ದುಡ್ಡು ಮಿಗ್ತದೆ.

---

ಹುಲೇಕಲ್ ಅಕ್ಕೋರು

ತಮ್ಮಾ, ನಿಮ್ಮ ಮನೆಯವರು ಯಾರೂ ಊರಲ್ಲಿ ಇಲ್ಲ ಅಂತ ಕಾಣ್ತದೆ. ಗ್ಯಾಸ್ ನಮ್ಮಲ್ಲೂ ಇದೆ. ಬೆಳಗಿನ ಕಷಾಯ, ತೆಳ್ಳೇವು, ನೆಂಟರು ಬಂದಾಗ ಚಹಾ ಅದರಲ್ಲೇ. ಬಚ್ಚಲ ಹಂಡೆಗೆ ಗ್ಯಾಸ್ ಇಡ್ತೀರಾ? ದನದ ಅಕ್ಕಚ್ಚಿಗೆ? ಕೊನೆಕೊಯ್ಲಿನ ಮೇಲೆ ಅಡಿಕೆ ಬೇಯಿಸೋಕೆ? ಸುಲಿದ ಹಸಿ ಅಡಿಕೆ ಹಂಡೆಗಟ್ಟಲೆ ಬೇಯಬೇಕು, ತಿಂಗಳುಗಟ್ಟಲೆ. ಇಂಡಕ್ಷನ್ ಬಗ್ಗೆ ಹೇಳೋದಾದರೆ ಮಳೆಗಾಲದಲ್ಲಿ ನಮ್ಮೂರ ಕರೆಂಟು ಅಳಿಯನ ಹಾಗೆ, ಬಂದರೆ ಬಂದ.

ಗೋಬರ್ ಗ್ಯಾಸ್ ಕೂಡ ಇತ್ತು. ಕೊಟ್ಟಿಗೆಯಲ್ಲಿ ಏಳು ದನ ಇದ್ದಾಗ ಎರಡು ಹೊತ್ತಿನ ಅಡುಗೆ ಅದರಲ್ಲೇ ಆಗ್ತಿತ್ತು. ಈಗ ಎರಡು ದನ. ಗುಂಡಿ ಮೇಲೆ ಕೆಸುವು ಬೆಳೆದಿದೆ.

---

ಕಾರವಾರ ಮಾಸ್ತರು

ಅಕ್ಕೋರೆ ನಮಸ್ಕಾರ. ನಾನು ಇಲ್ಲಿ ಡಿಗ್ರಿ ಮಕ್ಕಳಿಗೆ ಅರ್ಥಶಾಸ್ತ್ರ ಪಾಠ ಮಾಡುವವನು. ನಿಮ್ಮ ಹುಡುಗ ಹೇಳಿದ್ದು ಅರ್ಧ ಸರಿ. ಉಳಿದರ್ಧವನ್ನು ವಡೆಯ ಜತೆ ನುಂಗಿದ್ದಾನೆ.

ಅವನು ಹೇಳಿದ್ದು ರೀಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಮೂವರ ಅಧ್ಯಯನ, 2016ರಲ್ಲಿ ಪ್ರಕಟವಾದದ್ದು. ಡುಫ್ಲೊ ಅವರಿಗೆ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಮೈಕೆಲ್ ಕ್ರೆಮರ್ ಜತೆ ನೊಬೆಲ್ ಬಂತು. ಗ್ರೀನ್‌ಸ್ಟೋನ್ ಷಿಕಾಗೊ ವಿಶ್ವವಿದ್ಯಾಲಯದವರು, ಹೊಗೆ, ಬಿಸಿಲು, ಆಯಸ್ಸು ಈ ಮೂರರ ಲೆಕ್ಕದಲ್ಲೇ ಜೀವನ ಕಳೆದವರು. ಒಡಿಶಾದ 44 ಹಳ್ಳಿ, ಸುಮಾರು 2,600 ಮನೆ. ಒಲೆ ಹೆಚ್ಚುಕಡಿಮೆ ನಿಮ್ಮದೇ ಜಾತಿ: ಮಣ್ಣಿನದು, ಹೊಗೆ ಕೊಳವೆ ಇರುವಂಥದ್ದು. ಮನೆಯವರು ಮಣ್ಣು, ಕೂಲಿ, 30 ರೂಪಾಯಿ ಕೊಡಬೇಕು, ಉಳಿದದ್ದು ಅವರದು.

ಯಾರಿಗೆ ಮೊದಲು ಅನ್ನೋದನ್ನು ಚೀಟಿ ಎತ್ತಿ ತೀರ್ಮಾನಿಸಿದರು. ನೀವು ಕೇಳಿದ "ಎಂತ ಕೆಲಸ" ಅನ್ನೋದಕ್ಕೆ ಉತ್ತರ ಈ ಚೀಟಿಯಲ್ಲೇ ಇದೆ. ನಿಮ್ಮೂರಲ್ಲಿ ತಾವಾಗಿ ಕೊಳವೆ ಒಲೆ ಕಟ್ಟಿಸಿಕೊಂಡ ಮನೆಯಲ್ಲಿ ಕೆಮ್ಮು ಕಡಿಮೆ ಅಂತ ಇಟ್ಟುಕೊಳ್ಳಿ. ಅದು ಒಲೆಯ ಗುಣವೋ, ಅಂಥ ಮನೆಯವರು ಮೊದಲೇ ಸ್ವಲ್ಪ ಅನುಕೂಲಸ್ಥರು, ಕೆಮ್ಮು ಬಂದ ಮೂರನೇ ದಿನಕ್ಕೇ ಶಿರಸಿಗೆ ಹೋಗುವವರು ಅನ್ನೋ ಕಾರಣಕ್ಕೋ? ಬಿಡಿಸಿ ಹೇಳೋಕೆ ಬರೋದಿಲ್ಲ. ಚೀಟಿಯಲ್ಲಿ ಸಿಕ್ಕಿದ್ದಾದರೆ ಬಡವರು, ಉಳ್ಳವರು, ಸೋಮಾರಿಗಳು, ಚುರುಕಿನವರು ಎರಡೂ ಕಡೆ ಸಮ ಬೆರೆತಿರ್ತಾರೆ. ಆಮೇಲೆ ಕಾಣುವ ವ್ಯತ್ಯಾಸವನ್ನು ಒಲೆಯ ಖಾತೆಗೇ ಹಾಕಬಹುದು.

ಅವರೂ ಹೆಂಗಸರಿಗೆ ಯಂತ್ರ ಊದಿಸಿದರು. ಉಸಿರಲ್ಲಿ ಇಂಗಾಲದ ಮಾನಾಕ್ಸೈಡ್ ಎಷ್ಟಿದೆ ನೋಡಿದರೆ ಎಷ್ಟು ಹೊಗೆ ಕುಡಿದಿದ್ದಾರೆ ಗೊತ್ತಾಗ್ತದೆ. ಮೊದಲ ವರ್ಷ ಒಲೆ ಸಿಕ್ಕ ಮನೆಯ ಅಡುಗೆಯವರ ಉಸಿರಲ್ಲಿ ಅದು ಇಳಿಯಿತು. ಆಮೇಲೆ ವ್ಯತ್ಯಾಸ ಅಳಿಸಿಹೋಯಿತು. ನಾಲ್ಕು ವರ್ಷದವರೆಗೆ ಹಿಂಬಾಲಿಸಿದರೂ ಶ್ವಾಸಕೋಶದ ಬಲ ಹೆಚ್ಚಲಿಲ್ಲ, ಕಟ್ಟಿಗೆಯೂ ಉಳಿಯಲಿಲ್ಲ. ಪ್ರಯೋಗಶಾಲೆಯಲ್ಲಿ ಚೆಂದ ಉರಿದ ಒಲೆ ಮನೆಯಲ್ಲಿ ಬಿರುಕು ಬಿಟ್ಟಿತು, ಜನ ರಿಪೇರಿ ಮಾಡಿಸಲಿಲ್ಲ, ಹಳೇ ಒಲೆಯನ್ನೂ ಪಕ್ಕದಲ್ಲೇ ಇಟ್ಟುಕೊಂಡು ಅದರಲ್ಲೂ ಬೇಯಿಸಿದರು.

ನಿಮ್ಮ 1987ರ ಕತೆ ಓದುವಾಗ ಅದೇ ವರದಿಯನ್ನು ಕನ್ನಡದಲ್ಲಿ ಓದಿದ ಹಾಗಾಯಿತು.

ಹುಡುಗ ನುಂಗಿದ ಅರ್ಧ ಇದು. ಗ್ವಾಟೆಮಾಲಾದ ಬೆಟ್ಟದ ಊರುಗಳಲ್ಲಿ ಕರ್ಕ್ ಸ್ಮಿತ್ ಅನ್ನುವವರ ತಂಡ (ಇವರು ಅರ್ಥಶಾಸ್ತ್ರದವರಲ್ಲ, ಆರೋಗ್ಯದ ಕಡೆಯವರು) ಹೀಗೇ ಚೀಟಿ ಹಾಕಿ 534 ಮನೆಯಲ್ಲಿ ನೋಡಿತು. ಅಲ್ಲಿ ವಾರ ವಾರ ಮನೆಗೆ ಹೋಗಿ ಬರುವ ಜನ ಇದ್ದರು, ಒಲೆ ಕೆಟ್ಟರೆ ಸರಿ ಮಾಡಿಸ್ತಿದ್ದರು. ಮಕ್ಕಳು ಕುಡಿಯುವ ಹೊಗೆ ಅರ್ಧಕ್ಕೆ ಇಳಿಯಿತು. ಒಟ್ಟು ನ್ಯುಮೋನಿಯಾದಲ್ಲಿ ಖಚಿತವಾದ ಇಳಿಕೆ ಕಾಣಲಿಲ್ಲ, ಆದರೆ ತೀವ್ರವಾದ ನ್ಯುಮೋನಿಯಾ ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. 2011ರಲ್ಲಿ ಪ್ರಕಟವಾಯಿತು. ಎರಡೂ ಕಡೆ ಕೊಳವೆ ಒಲೆಯೇ.

---

ಟೋಲ್ ಪಕ್ಕದವ

ಮಾಸ್ತರೆ, ನಮ್ಮ ಮನೆ ಹಟ್ಟಿಕೇರಿ ಟೋಲ್ ಹತ್ತಿರ. ಲಾರಿ ಹೊಗೆ ಬಗ್ಗೆ ಇಂಥವರು ಯಾರಾದರೂ ಲೆಕ್ಕ ಹಾಕಿದ್ದಾರಾ? ನಮ್ಮ ಮನೇಲಿ ಬಸುರಿ ಇದ್ದಾಳೆ, ಅದಕ್ಕೆ ಕೇಳಿದೆ.

---

ಕಾರವಾರ ಮಾಸ್ತರು

ಹಾಕಿದ್ದಾರೆ. ಜಾನೆಟ್ ಕರಿ ಮತ್ತು ರೀಡ್ ವಾಕರ್, 2011. ಅಮೆರಿಕದ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದ ಟೋಲ್‌ಗಳಲ್ಲಿ ನಮ್ಮ ಫಾಸ್ಟ್ಯಾಗ್ ಥರದ್ದು ಬಂದು ಗಾಡಿಗಳು ನಿಂತು ಹೊಗೆ ಬಿಡೋದು ತಪ್ಪಿತು. ಟೋಲಿನಿಂದ ಎರಡು ಕಿಲೋಮೀಟರ್ ಒಳಗಿದ್ದ ತಾಯಂದಿರಲ್ಲಿ ದಿನ ತುಂಬದ ಹೆರಿಗೆ 10.8 ಶೇಕಡಾ, ತೂಕ ಕಡಿಮೆಯ ಕೂಸುಗಳು 11.8 ಶೇಕಡಾ ಇಳಿದವು, ಸ್ವಲ್ಪ ದೂರದವರಿಗೆ ಹೋಲಿಸಿದರೆ. ನಮ್ಮಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆದದ್ದು 2021ರ ಫೆಬ್ರವರಿಯಲ್ಲಿ. ಸಾಲು ಕಡಿಮೆಯಾಗಿದ್ದರೆ ನಿಮಗೂ ಅಷ್ಟು ಒಳ್ಳೆಯದೇ. ರಸ್ತೆ ಬದಿಯ ಕಿಟಕಿ ಮುಚ್ಚಿ, ಹಿಂದಿನ ಕೋಣೆಯಲ್ಲಿ ಮಲಗಲಿ. ಉಳಿದದ್ದು ಡಾಕ್ಟರನ್ನೇ ಕೇಳಿ.

---

ಹುಲೇಕಲ್ ಅಕ್ಕೋರು

ಟೋಲಿನ ತಮ್ಮಾ, ಹೆರಿಗೆ ಸುಸೂತ್ರ ಆಗಲಿ. ಈಗ ಎಲ್ಲರೂ ಒಲೆಗೆ ವಾಪಸ್ ಬನ್ನಿ, ನನ್ನ ಸಭೆ ಹತ್ತಿರ ಬರ್ತಾ ಇದೆ.

ಮಾಸ್ತರೆ, ನೀವು ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. "ಒಡಿಶಾದವ್ವೂ ಬಾಯಿ ಒಡದ್ವ ಹೇಳಿ ಕೇಳು" ಅಂದರು. ಒಡೆದಿರಬೇಕು ಅಂದೆ. ಸಮಾಧಾನ ಆಯ್ತು ಅವರಿಗೆ.

ನನಗೆ ಸಮಾಧಾನ ಆಗಲಿಲ್ಲ. ಇಷ್ಟು ವರ್ಷ, ಆ ಒಲೆ ಕೆಟ್ಟದ್ದು ನಮ್ಮ ಮನೆಯವರ ಉದಾಸೀನ ಅಂತಲೇ ನಾನು ತಿಳಿದದ್ದು. 2,600 ಮನೆಯಲ್ಲೂ ಅದೇ ಕತೆ ಆದರೆ ಅದು ಉದಾಸೀನ ಅಲ್ಲವಲ್ಲ? ಒಲೆ ಕೊಟ್ಟವರ ಲೆಕ್ಕದಲ್ಲೇ ಮೂರನೇ ಮಳೆಗಾಲ ಇರಲಿಲ್ಲ. ನನ್ನ ಲೆಕ್ಕದಲ್ಲೂ ಇಲ್ಲ ನೋಡಿ, 28 ಐದಲಿ 140 ಅಂತ ಪೂರ್ತಿ ಖರ್ಚು ಮಾಡೋಕೆ ಹೊರಟಿದ್ದೆ.

ಇನ್ನೊಂದು ನೆನಪಾಯ್ತು. 1990ರ ಹೊತ್ತಿಗೆ ಒಬ್ಬರು ಬಂದು ಊರಲ್ಲಿ ಎಷ್ಟು ಒಲೆ ಉರೀತಾ ಇದೆ ಅಂತ ಬರಕೊಂಡು ಹೋದರು. ಬಂದವರು ಒಲೆ ಕಟ್ಟಿಸಿದವರ ಕಡೆಯವರೇ. ಚಾವಡಿಯಲ್ಲಿ ಕೂತು ಕಷಾಯ ಕುಡಿದು, ಅಡುಗೆಮನೆಗೆ ಬರದೆ, "ಎಲ್ಲ ಸರಿ ಇದೆಯಲ್ಲ?" ಅಂದರು. ಮಾವ ಸಂಕೋಚದ ಮನುಷ್ಯ, "ಅಡ್ಡಿಲ್ಲೆ" ಅಂದರು. ನಮ್ಮ ಒಲೆ ಸರಿ ಇದೆ ಅಂತ ಬರೆದುಕೊಂಡಿರಬೇಕು.

---

ಕಾರವಾರ ಮಾಸ್ತರು

ಅಕ್ಕೋರೆ, ಈ ಕೊನೆಯ ಮಾತಿಗೂ ಒಂದು ಅಧ್ಯಯನ ಇದೆ, ಸಾಕು ಮಾರಾಯ ಅನ್ನಬೇಡಿ. ಡುಫ್ಲೊ, ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಸೇರಿ ಗುಜರಾತಿನ 473 ಕಾರ್ಖಾನೆಗಳಲ್ಲಿ ಮಾಡಿದ್ದು, 2013ರಲ್ಲಿ ಪ್ರಕಟವಾಯಿತು. ಕಾರ್ಖಾನೆಯ ಹೊಗೆ ಅಳೆದು ವರದಿ ಕೊಡುವವರನ್ನು ಕಾರ್ಖಾನೆಯವರೇ ಆರಿಸಿ ಅವರೇ ದುಡ್ಡು ಕೊಡೋದು ಆಗ ಅಲ್ಲಿದ್ದ ಪದ್ಧತಿ. ವರದಿಗಳೆಲ್ಲ ವಿಚಿತ್ರವಾಗಿ ಕಾನೂನಿನ ಮಿತಿಗಿಂತ ಒಂಚೂರು ಕೆಳಗೇ ಬಂದು ನಿಲ್ಲುತ್ತಿದ್ದವು. ಅಳತೆಗಾರರನ್ನು ಚೀಟಿ ಎತ್ತಿ ಕಳಿಸಿ, ಸಂಬಳವನ್ನು ಒಂದು ಸಾಮಾನ್ಯ ನಿಧಿಯಿಂದ ಕೊಟ್ಟು, ಅವರು ಅಳೆದದ್ದನ್ನು ಇನ್ನೊಬ್ಬರು ಹೋಗಿ ಮತ್ತೆ ಅಳೆಯುವ ಹಾಗೆ ಮಾಡಿದರು. ವರದಿ ನಿಜದ ಹತ್ತಿರ ಬಂತು, ಮುಂದೆ ಕಾರ್ಖಾನೆಯ ಹೊಗೆಯೇ ಕಡಿಮೆಯಾಯಿತು.

ನಿಮ್ಮ ಚಾವಡಿಯಲ್ಲಿ ಕಷಾಯ ಕುಡಿದವರ ಪ್ರಶ್ನೆಯೂ ಇದೇ. ಒಲೆ ನೋಡೋಕೆ ಬರುವವರು ಯಾರ ಅನ್ನ ಉಂಡು ಬರ್ತಾರೆ ಅನ್ನೋದನ್ನು ಮೊದಲೇ ನಿರ್ಧರಿಸಿಕೊಳ್ಳಿ.

---

ಕುಮಟಾ ಗಾರೆ ಕೆಲಸ

ಅಕ್ಕೋರೆ, ನಾನು ಓದಿದ್ದು ಎಂಟನೇ ಇಯತ್ತೆ. ಆದರೆ ಒಲೆ ಕಟ್ಟಿದ್ದು ಇನ್ನೂರರ ಮೇಲೆ, ಕುಮಟಾ, ಅಂಕೋಲಾ, ಘಟ್ಟದ ಮೇಲೂ. ನನ್ನ ಅನುಭವ ಹೇಳ್ತೆ, ತಪ್ಪಿದ್ರೆ ಬಿಡಿ.

ಕೊಳವೆ ಕೆಡೋದು ಮೂರೇ ಕಡೆ. ಒಲೆಗೆ ಸೇರುವಲ್ಲಿ, ಮಾಡು ದಾಟುವಲ್ಲಿ, ತುದಿಯಲ್ಲಿ. ಮಾಡು ದಾಟುವಲ್ಲಿ ಸಿಮೆಂಟ್ ಮೆತ್ತಿದ್ರೆ ಒಂದು ಮಳೆಗೆ ಬಿರುಕು ಗ್ಯಾರಂಟಿ, ಯಾಕೆಂದ್ರೆ ಕೊಳವೆ ಬಿಸಿಗೆ ಹಿಗ್ತದೆ, ಹಂಚು ಹಿಗ್ಗುದಿಲ್ಲ. ಅಲ್ಲಿ ತಗಡಿನ ಕೊರಳು ಹಾಕಬೇಕು, ಕೊಳವೆಗೆ ಅಂಟಿಸದೇ. ತುದಿಗೆ ಟೊಪ್ಪಿ ಇಲ್ಲದಿದ್ರೆ ನಿಮ್ಮ ಶಿರಸಿ ಮಳೆಗೆ ಒಲೆ ಬಾವಿ ಆಗ್ತದೆ. ಮತ್ತೆ ಕೊಳವೆ ಮಾಡಿನ ನೆತ್ತಿಗಿಂತ ಎರಡಡಿ ಮೇಲೆ ಹೋಗಬೇಕು. ಕೆಳಗೇ ನಿಂತರೆ ಗಾಳಿ ಹೊಗೆಯನ್ನು ತಿರುಗಿ ಒಳಗೆ ನೂಕ್ತದೆ, ಆಗ ಹೆಂಗಸರು "ಈ ಒಲೆಯೇ ಸರಿಯಿಲ್ಲ" ಅಂತಾರೆ.

ಕೊಳವೆ ಬುಡದಲ್ಲಿ ಒಂದು ಬಾಯಿ ಬಿಟ್ಟು ಇಟ್ಟಿಗೆ ಮುಚ್ಚಳ ಇಡಿ. ಹದಿನೈದು ದಿನಕ್ಕೊಮ್ಮೆ ಕತ್ತದ ಹಗ್ಗಕ್ಕೆ ತೆಂಗಿನ ಕುಂಚ ಕಟ್ಟಿ ಎಳೆದು ಮಸಿ ತೆಗೀಬೇಕು. ಜಾಲರಿ ಮಣ್ಣಲ್ಲಿ ಹೂಳಬೇಡಿ, ಕಿತ್ತು ಬದಲಿಸುವ ಹಾಗೆ ಸುಮ್ಮನೆ ಕೂರಿಸಿ. ಒಲೆ ಬಾಯಿ ವಿಷಯ ನಿಮ್ಮ ಅತ್ತೆ ಮಾಡಿದ್ದು ತಪ್ಪಲ್ಲ. ನಾನೀಗ ಕಟ್ಟುದೇ ಅಗಲ ಬಾಯಿ, ಕಟ್ಟಿಗೆ ಸ್ವಲ್ಪ ಜಾಸ್ತಿ ಹೋಗ್ತದೆ, ಆದ್ರೆ ಒಲೆ ಉಳೀತದೆ. ಉಳಿದ ಒಲೆಯೇ ಒಳ್ಳೆ ಒಲೆ.

ಅಡಿಕೆ ಬೇಯಿಸುದು ಅಡುಗೆ ಒಲೆಯಲ್ಲಿ ಆಗುದಿಲ್ಲ, ಅದನ್ನು ಹೊರಗೇ ಇಟ್ಟುಕೊಳ್ಳಿ. ಆದರೆ ಬಚ್ಚಲ ಒಲೆಗೂ ಒಂದು ಕೊಳವೆ ಹಾಕಬಹುದು, ಅದು ಯಾರ ತಲೆಗೂ ಹೊಳೆಯುದಿಲ್ಲ.

ಇನ್ನು ದುಡ್ಡು. ವರ್ಷಕ್ಕೆ ಎರಡು ಸಲ, ಮಳೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಬಂದು ನೋಡಿ ಸರಿ ಮಾಡಿ ಹೋಗುದಕ್ಕೆ ಒಂದು ಒಲೆಗೆ ಸಲಕ್ಕೆ 250 ಕೊಡಿ, ನಾನು ಬರ್ತೆ. ಇಲ್ಲಿವರೆಗೆ ಒಬ್ಬರೂ ಹೀಗೆ ಕೇಳಿಲ್ಲ. ಕಟ್ಟು ಅಂತಾರೆ, ಫೋಟೋ ಹೊಡೀತಾರೆ, ಹೋಗ್ತಾರೆ.

---

ಸಾಣಿಕಟ್ಟಾ ಬದಿಯವಳು

ಎಲ್ಲ ಓದಿದೆ. ನಮ್ಮ ಬದಿಗೆ ಹೊಗೆಗಿಂತ ಬಿಸಿಲಿನ ಚಿಂತೆ. ಅಮ್ಮ ಉಪ್ಪಿನ ಆಗರದಲ್ಲಿ ಕೆಲಸ ಮಾಡಿದವಳು. ನಸುಕಿಗೆ ಇಳಿದರೆ ಬಿಸಿಲು ಏರುವ ಮುಂಚೆ ಹತ್ತಿ ಬರ್ತಾರೆ, ಮತ್ತೆ ಸಂಜೆ ಇಳೀತಾರೆ. ನೆಲದ ಬಿಸಿ, ನೀರಿನ ಹೊಳಪು ಎರಡೂ ಮುಖಕ್ಕೇ. ಆದರೂ ಬಿಸಿಲೇ ನಮ್ಮ ಬೆಳೆ, ಬೈಯುವ ಹಾಗಿಲ್ಲ. ಏಪ್ರಿಲ್‌ನಲ್ಲಿ ಅಕಾಲ ಮಳೆ ಬಂದರೆ ಕಟ್ಟಿದ ಉಪ್ಪು ಕರಗಿ ಕೂಲಿಯೂ ಕರಗ್ತದೆ. ಮಾಸ್ತರೆ, ಬಿಸಿಲಿಗೆ ಜನ ಸಾಯುವ ಲೆಕ್ಕ ಯಾರಾದರೂ ಮಾಡಿದ್ದಾರಾ?

---

ಕಾರವಾರ ಮಾಸ್ತರು

ಮಾಡಿದ್ದಾರೆ, ಮತ್ತೆ ಅದು ನಾವು ಊಹಿಸುವ ಹಾಗಿಲ್ಲ. ರಾಬಿನ್ ಬರ್ಜೆಸ್, ಒಲಿವಿಯೆ ದೆಶೇನ್, ಡೇವ್ ಡೊನಾಲ್ಡ್‌ಸನ್, ಗ್ರೀನ್‌ಸ್ಟೋನ್ ನಾಲ್ವರು 1957ರಿಂದ 2000ದವರೆಗಿನ ಭಾರತದ ಜಿಲ್ಲಾವಾರು ಸಾವಿನ ಲೆಕ್ಕವನ್ನೂ ದಿನದಿನದ ತಾಪಮಾನವನ್ನೂ ಜೋಡಿಸಿ ನೋಡಿದರು. ಬಿಸಿ ದಿನಗಳು ಹೆಚ್ಚಾದ ವರ್ಷ ಹಳ್ಳಿಯಲ್ಲಿ ಸಾವು ಹೆಚ್ಚಿತು. ಪೇಟೆಯಲ್ಲಿ ಹೆಚ್ಚುಕಡಿಮೆ ಏನೂ ಆಗಲಿಲ್ಲ. ಸೂರ್ಯ ಇಬ್ಬರಿಗೂ ಒಬ್ಬನೇ ಅಲ್ಲವೇ? ಹಳ್ಳಿಯಲ್ಲೂ ಹೆಚ್ಚು ಹೊಡೆತ ಬಿದ್ದದ್ದು ಬೆಳೆ ಬೆಳೆಯುವ ಕಾಲದ ಬಿಸಿಗೆ. ಅದೇ ವರ್ಷ ಫಸಲೂ ಕೂಲಿಯೂ ಇಳಿದಿದ್ದವು. ಅಂದರೆ ಬಿಸಿಲು ಕೊಲ್ಲುವುದರಲ್ಲಿ ದೊಡ್ಡ ಪಾಲು ಕಿಸೆಯ ದಾರಿಯಾಗಿ ಬರ್ತದೆ. ಹಳ್ಳಿಗಳಲ್ಲಿ ಬ್ಯಾಂಕ್ ಶಾಖೆಗಳು ಹೆಚ್ಚು ತೆರೆದ ಕಡೆ ಈ ಹೊಡೆತ ಕಡಿಮೆಯಿತ್ತು ಅಂತಲೂ ಕಂಡುಕೊಂಡರು.

---

ಸಾಣಿಕಟ್ಟಾ ಬದಿಯವಳು

ಹೌದು ಮಾಸ್ತರೆ. ಉಪ್ಪು ಕರಗಿದ ವರ್ಷ ಅಮ್ಮ ಬಿಪಿ ಮಾತ್ರೆ ದಿನ ಬಿಟ್ಟು ದಿನ ತಗೊಂಡಳು. ನಮಗೆ ಹೇಳಲೇ ಇಲ್ಲ, ಪೊಟ್ಟಣ ಲೆಕ್ಕ ಮಾಡಿದಾಗ ಗೊತ್ತಾದದ್ದು.

---

ಹುಲೇಕಲ್ ಅಕ್ಕೋರು

ತಂಗಿ, ನಮ್ಮಲ್ಲೂ ಹಾಗೇ. ಅಡಿಕೆ ತೋಟಕ್ಕೆ ಕೊಳೆರೋಗ ಬಂದ ವರ್ಷ ಅತ್ತೆಯ ಕಣ್ಣಿನ ಪೊರೆ ಆಪರೇಷನ್ ಮುಂದೆ ಹೋಯ್ತು. ಬೋರ್ಡೋ ಔಷಧಿ ಮೂರು ಸಲ ಹೊಡೆಸಿದ್ದರ ಕೂಲಿಯೇ ಮೈಮೇಲೆ ಬಂದಿತ್ತು. ಆ ವರ್ಷ ಅವರು ಒಲೆ ಮುಂದೆ ಕೈಯಲ್ಲಿ ತಡವಿಕೊಂಡು ಅಡುಗೆ ಮಾಡಿದರು. "ಅಡ್ಡಿಲ್ಲೆ" ಅಂತ ಅವರೂ ಹೇಳೋದೇ.

---

ಹುಲೇಕಲ್ ಅಕ್ಕೋರು (ಮುಂದಿನ ಭಾನುವಾರ ರಾತ್ರಿ)

ಸಭೆ ಆಯ್ತು. ಬೇಗ ಹೇಳ್ತೇನೆ, ಗಂಟಲು ಕಟ್ಟಿದೆ.

ನನ್ನ ಹೊಸ ಲೆಕ್ಕ: 20 ಒಲೆ ಮಾತ್ರ, 1,00,000. ಉಳಿದ 40,000 ಮುಟ್ಟಬಾರದು, ವರ್ಷಕ್ಕೆ 10,000ದ ಹಾಗೆ ನಾಲ್ಕು ವರ್ಷದ ರಿಪೇರಿಗೆ. ಗಲಾಟೆಯೋ ಗಲಾಟೆ. "ಎಂಟು ಮನೆ ಬಿಡೋದು ಯಾವ ನ್ಯಾಯ?" ಅಂತ ಒಬ್ಬರು. "28 ಅಂತ ಆಗಲೇ ನೆಂಟರಿಗೆಲ್ಲ ಹೇಳಿ ಆಗಿದೆ" ಅಂತ ಇನ್ನೊಬ್ಬರು. ಅವರಿಗೆ ಉದ್ಘಾಟನೆಯ ಫೋಟೋದ್ದೇ ಚಿಂತೆ. ನಾನು 1987ರ ಕತೆ ಪೂರ್ತಿ ಹೇಳಿದೆ, ಕೊಡಲಿ ಸಮೇತ. ಆಗ ನೋಡಿ, ಇನ್ನೂ ನಾಲ್ಕು ಜನ ಹಿರಿಯರು ತಮ್ಮ ತಮ್ಮ ಒಲೆ ಒಡೆದ ಕತೆ ಹೊರಗೆ ಹಾಕಿದರು. ಮೂವತ್ತೈದು ವರ್ಷಕ್ಕಿಂತ ಹೆಚ್ಚು ಒಬ್ಬರಿಗೊಬ್ಬರು ಹೇಳಿರಲಿಲ್ಲ!

ಕೊನೆಗೆ ಚೀಟಿ ಎತ್ತೋದು ಅಂತ ಒಪ್ಪಿದರು. ಎಂಟು ಮನೆಯ ಸರದಿ ಮುಂದಿನ ಉಪ್ಪಿನಕಾಯಿ ಲಾಭ ಬಂದ ಮೇಲೆ. ಮಾಸ್ತರೆ, ಒಡಿಶಾದ ಹಾಗೆ ನಮ್ಮಲ್ಲೂ ಅಳೆಯಬಹುದಾ ಅಂತ ಕೇಳಬೇಕು ಅಂದುಕೊಂಡಿದ್ದೆ, ನಮ್ಮ ಹುಡುಗ ಫೋನಲ್ಲಿ ನಕ್ಕುಬಿಟ್ಟ. 28 ಮನೆಯಲ್ಲಿ ಏನೂ ತಿಳಿಯೋದಿಲ್ಲವಂತೆ, ಒಂದು ಮನೆಗೆ ನೆಗಡಿ ಬಂದರೆ ಲೆಕ್ಕವೇ ತಿರುಗಿಬೀಳ್ತದಂತೆ. ಆಗಲಿ. ನಾವು ಪುಸ್ತಕ ಒಂದು ಇಡ್ತೇವೆ, ಒಲೆ ಉರೀತಾ ಇದೆಯಾ ಇಲ್ಲವಾ ಅಷ್ಟೇ. ನೋಡಿ ಬರೋದು ಆಚೆ ಕೇರಿಯ ಇಬ್ಬರು, ಅವರ ಮನೆಯ ಒಲೆ ನೋಡೋದು ಈಚೆ ಕೇರಿಯವರು. ಚಾವಡಿಯಲ್ಲಿ ಕೂರೋ ಹಾಗಿಲ್ಲ, ಅಡುಗೆಮನೆಗೇ ಬರಬೇಕು. ಕಷಾಯ ಆಮೇಲೆ.

ನನ್ನ ಮನೆಯ ಚೀಟಿ ಖಾಲಿ ಬಂತು. ಅತ್ತೆಗೆ ಹೇಳಿದರೆ, "ಒಳ್ಳೇದಾತು, ಅಟ್ಟದ ಕಾಯಿಗೆ ಹೊಗೆ ಬೇಕಲೀ" ಅಂದು ಮಗ್ಗಲು ತಿರುಗಿ ಕೆಮ್ಮಿದರು. ನನ್ನ ಪಿಂಚಣಿ ದುಡ್ಡಲ್ಲಿ ಬಚ್ಚಲಿಗೂ ಅಡುಗೆಮನೆಗೂ ಕೊಳವೆ ಹಾಕಿಸ್ತೇನೆ. ಕಾಯಿಗೆ ಬೇರೆ ವ್ಯವಸ್ಥೆ ಮಾಡಿದರಾಯ್ತು.

ಕುಮಟಾದವರೆ, ಮಳೆ ಹಿಡಿಯೋದಕ್ಕೆ ಮೊದಲು ಬರೋಕೆ ಆಗ್ತದಾ? ಕೊಳವೆ ನಾಲ್ಕಿಂಚಿನದ್ದು ತರಿಸಲೋ ಆರಿಂಚಿನದ್ದೋ?

---

ಕುಮಟಾ ಗಾರೆ ಕೆಲಸ

ಅಡುಗೆ ಒಲೆಗೆ ನಾಲ್ಕಿಂಚು ಸಾಕು ಅಕ್ಕೋರೆ. ಬಚ್ಚಲದ್ದು ನೋಡಿ ಹೇಳ್ತೆ. ಯಾವ ಮನೆ ಮಾಡು ಹಂಚಿಂದು, ಯಾವುದು ತಗಡಿಂದು ಅಂತ ಒಂದು ಪಟ್ಟಿ ಮಾಡಿಡಿ. ದೇವಿಮನೆ ಘಟ್ಟದಲ್ಲಿ ಬಸ್ಸು ಬಿಟ್ಟಿದ್ರೆ ಮಂಗಳವಾರ ಬರ್ತೆ. ಏಣಿ ನಿಮ್ಮಲ್ಲೇ ನೋಡಿಕೊಳ್ಳಿ, ಬಸ್ಸಲ್ಲಿ ಹಾಕಿ ತರುಕಾಗುದಿಲ್ಲ.